ಕಿವಿ ಚುಚ್ಚೋಕೆ ಲೈಸೆನ್ಸ್ ಬೇಡವಾ, ಡಾಕ್ಟ್ರೇ?

ಈ ಸಲ ಬಂದ ಪತ್ರಗಳಲ್ಲಿ ಎರಡೇ ವಿಷಯ ಜಾಸ್ತಿ. ಒಂದು ಸಿಗರೇಟು, ಇನ್ನೊಂದು ಕಿವಿ-ಮೂಗು ಚುಚ್ಚಿಸಿಕೊಳ್ಳುವುದು. ತಾಲ್ಲೂಕು ಆರೋಗ್ಯಾಧಿಕಾರಿಯಾಗಿ ನಿವೃತ್ತಳಾದವಳಿಗೆ ಎರಡೂ ಗೊತ್ತಿರುವ ತಲೆನೋವುಗಳೇ. ಹಾಗಾಗಿ ಮಧುಮೇಹದ ಪತ್ರಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡಿದ್ದೇನೆ. ಬರೆದವರು ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಮೇಡಂ, ಕಾಲೇಜಿಗೆ ಹೋಗೋ ರಸ್ತೆಯಲ್ಲಿ ನನ್ನದೊಂದು ಬೀಡಾ ಅಂಗಡಿ. ಬಿಡಿ ಸಿಗರೇಟು ಮಾರಬಾರದು, 21 ತುಂಬದವರಿಗೆ ಕೊಡಬಾರದು ಅಂತ ಹೇಳಿ ಹೋಗಿದ್ದಾರೆ. ಗಿರಾಕಿ ವಯಸ್ಸು ನಾನು ಹೆಂಗೆ ಕೇಳಲಿ? ಪ್ಯಾಕೇ ತಗೊಳ್ಳಿ ಅಂದ್ರೆ ಪಕ್ಕದ ಅಂಗಡಿಗೆ ಹೋಗ್ತಾರೆ. ನಾವು ಬದುಕೋದು ಬೇಡವಾ?
— ಒಬ್ಬ ಅಂಗಡಿಯವ, ದಾವಣಗೆರೆ

ಉತ್ತರ: ಬದುಕಬೇಕು ಯಜಮಾನ್ರೇ. ಆದರೆ ನಿಮಗೆ ಹೇಳಿ ಹೋದವರು ಸುಳ್ಳು ಹೇಳಿಲ್ಲ. ಕೇಂದ್ರದ ತಂಬಾಕು ಕಾಯ್ದೆ 2003ರದು. ಅದರಲ್ಲಿ ವಯಸ್ಸು 18 ಇತ್ತು. ನಮ್ಮ ರಾಜ್ಯ ಅದಕ್ಕೆ ತಿದ್ದುಪಡಿ ತಂದು, 2025ರ ಮೇ ತಿಂಗಳಲ್ಲಿ ಜಾರಿಗೆ ತಂದಿತು. ಈಗ 21 ತುಂಬದವರಿಗೆ ಮಾರುವಂತಿಲ್ಲ. ಬಿಡಿ ಸಿಗರೇಟು ಮಾರುವಂತಿಲ್ಲ. ಶಾಲೆ-ಕಾಲೇಜಿನಿಂದ ನೂರು ಮೀಟರ್ ಒಳಗೆ ಮಾರುವಂತೆಯೇ ಇಲ್ಲ. ಮೊದಲು 200 ರೂಪಾಯಿ ಇದ್ದ ದಂಡ 1,000 ರೂಪಾಯಿವರೆಗೆ ಏರಿದೆ. ಹುಕ್ಕಾ ಬಾರ್ ನಡೆಸಿದರೆ ಒಂದರಿಂದ ಮೂರು ವರ್ಷ ಜೈಲು, ಜೊತೆಗೆ 50,000ದಿಂದ ಒಂದು ಲಕ್ಷದವರೆಗೆ ದಂಡ. ಅದು ನಿಮಗೆ ಬೇಕಿಲ್ಲ, ಬಿಡಿ.

ನೂರು ಮೀಟರ್ ಅನ್ನು ಕಾಲೇಜಿನ ಗೇಟಿನಿಂದ ಅಳೆಯುತ್ತಾರೆ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಗೇಟಿನಿಂದಲ್ಲ, ಕಾಂಪೌಂಡಿನ ಹೊರಗೋಡೆಯಿಂದ ಸುತ್ತಲೂ ಲೆಕ್ಕ. ಹಿಂದಿನ ಗೋಡೆ ನಿಮ್ಮ ಅಂಗಡಿಗೆ ಹತ್ತಿರ ಇದ್ದರೆ, ಮುಂದಿನ ಗೇಟು ಎಷ್ಟು ದೂರ ಇದ್ದರೇನು? ಮೊದಲು ಅದನ್ನು ಅಳೆದು ನೋಡಿ. ಒಳಗೆ ಬಿದ್ದರೆ ಉಳಿದ ಪ್ರಶ್ನೆಗಳೇ ಬೇಡ.

ಇನ್ನು ವಯಸ್ಸು. ಕೊಳ್ಳುವವನಿಗೆ ವಯಸ್ಸಾಗಿದೆ ಅಂತ ಸಾಬೀತು ಮಾಡುವ ಹೊಣೆಯನ್ನು ನಿಯಮ ಮಾರುವವನ ತಲೆಗೇ ಕಟ್ಟಿದೆ. "ಅವನೇ 22 ಅಂದ ಸಾರ್" ಅಂದರೆ ನಡೆಯುವುದಿಲ್ಲ. ಅನುಮಾನ ಬಂದರೆ ಆಧಾರ್ ಕೇಳಿ. ಬೈದುಕೊಂಡು ಹೋಗ್ತಾನೆ, ಹೋಗಲಿ. ಹದಿನೆಂಟು ತುಂಬದ ಮಗುವಿಗೆ ಕೊಟ್ಟರೆ ಬಾಲನ್ಯಾಯ ಕಾಯ್ದೆಯ 77ನೇ ಕಲಂ ಇದೆ. ಏಳು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ಒಂದು ಸಿಗರೇಟಿನ ಲಾಭಕ್ಕೆ ಆ ಅಪಾಯ ಯಾಕೆ ಅಂತ ನಾನು ಕೇಳುತ್ತೇನೆ.

ಬಿಡಿ ಮಾರಾಟಕ್ಕೆ ಯಾಕಿಷ್ಟು ವಿರೋಧ ಅಂತ ಹೇಳಿಬಿಡುತ್ತೇನೆ. ಪ್ಯಾಕಿನ ಮೇಲೆ ಶೇ 85ರಷ್ಟು ಜಾಗದಲ್ಲಿ ಎಚ್ಚರಿಕೆಯ ಚಿತ್ರ ಇರಬೇಕು, 2016ರ ಏಪ್ರಿಲ್‌ನಿಂದ. ಒಂದೇ ಒಂದು ಸಿಗರೇಟು ಕೊಳ್ಳುವ ಹುಡುಗ ಆ ಚಿತ್ರವನ್ನು ನೋಡುವುದೇ ಇಲ್ಲ. ಪ್ಯಾಕು ಇರುವುದು ನಿಮ್ಮ ಕೈಯಲ್ಲಿ. ಅವನಿಗೆ ಸಿಗುವುದು ಬರೀ ಸಿಗರೇಟು, ಮತ್ತೆ ದಾರ ಕಟ್ಟಿ ನೇತುಹಾಕಿದ ಲೈಟರು. ಇಡೀ ಪ್ಯಾಕಿಗೆ ದುಡ್ಡು ಕೊಡಬೇಕು ಅಂದಾಗ ಹದಿನೇಳರ ಹುಡುಗ ಜೇಬು ಮುಟ್ಟಿ ನೋಡಿಕೊಳ್ಳುತ್ತಾನೆ. ಅಷ್ಟೇ ಬೇಕಾಗಿರುವುದು.

ಒಂದು ಮಾತು ಒಪ್ಪುತ್ತೇನೆ. ದಂಡದ ರಸೀದಿ ಪುಸ್ತಕ ಹಿಡಿದು ಬರುವವರು ನಿಮ್ಮಂಥ ಗೂಡಂಗಡಿಗೆ ಮೊದಲು ಬರುತ್ತಾರೆ, ದೊಡ್ಡವರ ಬಾಗಿಲಿಗೆ ಕೊನೆಗೆ. ಅದು ಸರಿಯಲ್ಲ. ಆದರೂ ನೀವು ಮಾರಿದ್ದು ಸರಿ ಅಂತ ಆಗುವುದಿಲ್ಲ.

ಪ್ರಶ್ನೆ: ನನ್ನ ಮಗಳಿಗೆ 16. ಗೆಳತಿಯರ ಜೊತೆ ಹೋಗಿ ಒಂದು ಫ್ಯಾನ್ಸಿ ಸ್ಟೋರಿನಲ್ಲಿ ಕಿವಿಯ ಮೇಲ್ಭಾಗಕ್ಕೆ ಗನ್ ಹೊಡೆಸಿಕೊಂಡು ಬಂದಿದ್ದಾಳೆ. ನಾಲ್ಕು ದಿನಕ್ಕೆ ಕಿವಿ ಕೆಂಪಗಾಗಿ ಊದಿಕೊಂಡಿದೆ, ಮುಟ್ಟಿಸಿಕೊಳ್ಳುವುದಿಲ್ಲ. ಅಂಗಡಿಯವನು "ಅರಿಶಿನ ಹಚ್ಚಿ, ಹೋಗುತ್ತೆ" ಅಂತಾನೆ. ಇವರಿಗೆಲ್ಲ ಲೈಸೆನ್ಸ್ ಕೊಡೋದು ಯಾರು? ದೂರು ಯಾರಿಗೆ ಕೊಡಲಿ?
— ಒಬ್ಬ ತಾಯಿ, ಮೈಸೂರು

ಉತ್ತರ: ದೂರು ಆಮೇಲೆ. ಈ ಪತ್ರಿಕೆ ನಿಮ್ಮ ಕೈಗೆ ಬರುವಷ್ಟರಲ್ಲಿ ಕಿವಿ-ಮೂಗು-ಗಂಟಲು ವೈದ್ಯರನ್ನು ನೋಡಿಯಾಗಿರಬೇಕು ಅಂತ ನನ್ನ ಆಸೆ. ಆಗಿಲ್ಲದಿದ್ದರೆ ಇವತ್ತೇ ಹೋಗಿ. ಅರಿಶಿನ ಬೇಡ, ಎಣ್ಣೆ ಬೇಡ. ಓಲೆಯನ್ನು ನೀವೇ ಕಿತ್ತು ತೆಗೆಯಲೂ ಬೇಡಿ, ತೆಗೆಯಬೇಕೋ ಬೇಡವೋ ಅಂತ ವೈದ್ಯರು ನೋಡಿ ಹೇಳಲಿ.

ಯಾಕಿಷ್ಟು ಅವಸರ ಅಂದರೆ, ಕಿವಿಯ ಹಾಲೆ ಬೇರೆ, ಮೇಲ್ಭಾಗ ಬೇರೆ. ಹಾಲೆಯಲ್ಲಿ ಇರುವುದು ಕೊಬ್ಬು, ರಕ್ತ ಚೆನ್ನಾಗಿ ಹರಿಯುತ್ತದೆ, ಆರು-ಎಂಟು ವಾರಕ್ಕೆ ಮಾಯುತ್ತದೆ. ಮೇಲ್ಭಾಗದಲ್ಲಿ ಇರುವುದು ಮೆದುಮೂಳೆ. ಅದಕ್ಕೆ ತನ್ನದೇ ರಕ್ತನಾಳ ಇಲ್ಲ. ಮೇಲೆ ಹೊದಿಸಿದ ತೆಳು ಪೊರೆಯಿಂದಲೇ ಅದರ ಊಟ. ಆ ಪೊರೆಯ ಕೆಳಗೆ ಕೀವು ತುಂಬಿದರೆ ಮೆದುಮೂಳೆ ಉಪವಾಸ ಬಿದ್ದು ಸಾಯುತ್ತದೆ. ಆಮೇಲೆ ಕಿವಿ ಮುದುಡಿಕೊಳ್ಳುತ್ತದೆ, ಮೊದಲಿನ ಆಕಾರ ಬರುವುದು ಕಷ್ಟ. ಇಲ್ಲಿ ಹೆಚ್ಚಾಗಿ ಸೋಂಕು ತರುವುದು ಸ್ಯೂಡೊಮೊನಾಸ್ ಅನ್ನುವ ಬ್ಯಾಕ್ಟೀರಿಯಾ. ಮೆಡಿಕಲ್ ಶಾಪಿನಲ್ಲಿ ಸುಮ್ನೆ ಕೇಳಿ ತರುವ ಮಾತ್ರೆಗಳಲ್ಲಿ ತುಂಬ ಅದರ ಮೇಲೆ ಕೆಲಸ ಮಾಡುವುದಿಲ್ಲ.

ಆ ಗನ್ ಬಗ್ಗೆಯೂ ಹೇಳಬೇಕು. ಅದು ಸೂಜಿಯ ಹಾಗೆ ಚುಚ್ಚುವುದಿಲ್ಲ, ಸ್ಪ್ರಿಂಗಿನ ಬಲದಲ್ಲಿ ಮೊಂಡು ಕಡ್ಡಿಯನ್ನು ಒಳಗೆ ದೂಡುತ್ತದೆ. ಹಾಲೆ ತಡೆದುಕೊಂಡೀತು, ಮೆದುಮೂಳೆ ಜಜ್ಜಿಹೋಗುತ್ತದೆ. ಜೊತೆಗೆ ಗನ್ನಿನ ಮೈ ಪ್ಲಾಸ್ಟಿಕ್. ಆಸ್ಪತ್ರೆಯಲ್ಲಿ ಉಪಕರಣಗಳನ್ನು 121 ಡಿಗ್ರಿ ಹಬೆಯಲ್ಲಿ ಬೇಯಿಸುತ್ತೇವಲ್ಲ, ಅಂಥ ಶಾಖಕ್ಕೆ ಅದು ಕರಗಿಬಿಡುತ್ತದೆ. ಹಾಗಾಗಿ ಅಂಗಡಿಯವರು ಮಾಡುವುದು ಸ್ಪಿರಿಟ್ ಹತ್ತಿಯಲ್ಲಿ ಒರೆಸುವುದು. ಹೆಪಟೈಟಿಸ್ ಬಿ ವೈರಸ್ ದೇಹದ ಹೊರಗೆ ಕನಿಷ್ಠ ಏಳು ದಿನ ಬದುಕಿರಬಲ್ಲದು. ಒಂದು ಸಲ ಒರೆಸಿದ್ದಕ್ಕೆ ಅದು ಹೆದರುತ್ತದೆ ಅಂತ ನಂಬಿಕೊಂಡು ಮಕ್ಕಳನ್ನು ಕೂರಿಸುವುದು ಸರಿಯಲ್ಲ.

ಈಗ ನಿಮ್ಮ ಲೈಸೆನ್ಸ್ ಪ್ರಶ್ನೆ. ಅಂಗಡಿಗೆ ಪಾಲಿಕೆಯ ಟ್ರೇಡ್ ಲೈಸೆನ್ಸ್ ಇರಬಹುದು. ಅದು ಅಂಗಡಿ ಇಡಲು ಕೊಟ್ಟಿದ್ದು. ಚುಚ್ಚುವ ಕೆಲಸಕ್ಕೆಂದೇ ಮಾಡಿದ ಕಾನೂನು ನಮ್ಮಲ್ಲಿಲ್ಲ. ಕಲಿತಿರಬೇಕು ಅಂತ ಇಲ್ಲ, ಇಷ್ಟು ವಯಸ್ಸಾಗಿರಬೇಕು ಅಂತ ಇಲ್ಲ, ತಂದೆತಾಯಿಯ ಸಹಿ ಬೇಕು ಅಂತಲೂ ಇಲ್ಲ. ನೋಡಿ ವಿಚಿತ್ರ. ನಿಮ್ಮ ಮಗಳು ಸಿಗರೇಟು ಕೊಳ್ಳಬೇಕಾದರೆ ಇನ್ನೂ ಐದು ವರ್ಷ ಕಾಯಬೇಕು, ಹುಬ್ಬು ಚುಚ್ಚಿಸಿಕೊಳ್ಳಬೇಕಾದರೆ ಸಂಜೆವರೆಗೂ ಕಾಯಬೇಕಿಲ್ಲ. 2025ರಲ್ಲಿ ನಮ್ಮ ಆರೋಗ್ಯ ಸಚಿವರು ಹಚ್ಚೆಯ ಶಾಯಿಯಲ್ಲಿ ಲೋಹದ ಅಂಶಗಳಿವೆ, ಕೇಂದ್ರಕ್ಕೆ ಬರೆಯುತ್ತೇವೆ ಅಂದಿದ್ದರು. ಒಳ್ಳೆಯದು. ಶಾಯಿಯ ಜೊತೆಗೆ ಸೂಜಿ, ಗನ್ನು, ಅದನ್ನು ಹಿಡಿಯುವ ಕೈ, ಇವನ್ನೂ ಸೇರಿಸಿಕೊಂಡರೆ ನನಗೆ ಸಮಾಧಾನ.

ದೂರಿಗೆ ದಾರಿ ಇಲ್ಲ ಅಂತಲ್ಲ. ಪಾಲಿಕೆಯ ಆರೋಗ್ಯ ಶಾಖೆಗೆ ಬರಹದಲ್ಲಿ ಕೊಡಿ, ಒಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಚಿಕಿತ್ಸೆಯ ಖರ್ಚು ವಾಪಸ್ ಬೇಕಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕ ಇಲ್ಲ. ಅಂಗಡಿಯ ಬಿಲ್ಲು, ಫೋನ್‌ಪೇ ಮಾಡಿದ್ದರೆ ಅದರ ಸ್ಕ್ರೀನ್‌ಶಾಟು, ಊದಿದ ಕಿವಿಯ ದಿನಾಂಕ ಇರುವ ಫೋಟೊ, ಡಾಕ್ಟರ ಚೀಟಿ, ಎಲ್ಲ ಇಟ್ಟುಕೊಳ್ಳಿ. ಮಗಳಿಗೆ ಬೈದಿದ್ದು ಸಾಕು ಅಂತ ಪತ್ರ ಓದಿದರೇ ಗೊತ್ತಾಗುತ್ತದೆ.

ಪ್ರಶ್ನೆ: ನಾವಿರುವುದು ಬ್ರಿಟನ್ನಿನ ಕಾರ್ಡಿಫ್‌ನಲ್ಲಿ. ಇಲ್ಲಿನ ಕನ್ನಡದ ಕುಟುಂಬಗಳು ಮಕ್ಕಳ ಕಿವಿ ಚುಚ್ಚಿಸಲು ಒದ್ದಾಡುತ್ತವೆ. ನಮ್ಮ ತಂದೆ ಅಕ್ಕಸಾಲಿಗರು, ನನಗೂ ಕೈ ಪಳಗಿದೆ. ಮನೆಯಲ್ಲೇ ಸಣ್ಣದಾಗಿ, ದುಡ್ಡು ತಗೊಂಡು ಮಾಡಿಕೊಡಬಹುದಾ?
— ಒಬ್ಬ ಓದುಗ, ವೇಲ್ಸ್

ಉತ್ತರ: ಕೈ ಪಳಗಿರುವುದು ಸಾಲದು. ನಿಮ್ಮ ವೇಲ್ಸ್‌ನಲ್ಲಿ 2024ರ ನವೆಂಬರ್ 29ರಿಂದ ಹಚ್ಚೆ, ಚುಚ್ಚುವುದು, ಅಕ್ಯುಪಂಕ್ಚರ್, ಎಲೆಕ್ಟ್ರಾಲಿಸಿಸ್ (ಕರೆಂಟು ಹಾಯಿಸಿ ಕೂದಲು ತೆಗೆಯುವುದು) ಈ ನಾಲ್ಕಕ್ಕೂ ಲೈಸೆನ್ಸ್ ಬೇಕು. ಕಿವಿ ಚುಚ್ಚುವುದೂ ಇದರಲ್ಲಿ ಬರುತ್ತದೆ. ಮಾಡುವವರಿಗೆ ಒಂದು ಲೈಸೆನ್ಸ್, ಮಾಡುವ ಜಾಗಕ್ಕೆ ಬೇರೆ ಒಪ್ಪಿಗೆ ಪತ್ರ. ಮನೆಯ ಕೋಣೆಯೂ ಜಾಗವೇ. ಸೋಂಕು ತಡೆಯುವ ಬಗ್ಗೆ ಒಂದು ತರಬೇತಿ ಪಾಸಾಗಿರಬೇಕು. ಹಾಗಾಗಿ ಮೊದಲು ಕಾರ್ಡಿಫ್ ಕೌನ್ಸಿಲ್‌ಗೆ ಅರ್ಜಿ ಹಾಕಿ, ಆಮೇಲೆ ಮಾತು.

ನಿಮ್ಮ ಪತ್ರ ಬಂದಿದ್ದಕ್ಕೆ ಖುಷಿಯಾಯಿತು, ಯಾಕೆಂದರೆ ಇದೆಲ್ಲ ಇರುವ ಕಾನೂನು ನನಗೆ ಇಷ್ಟದ್ದು. 2017ರ ವೇಲ್ಸ್ ಸಾರ್ವಜನಿಕ ಆರೋಗ್ಯ ಕಾಯ್ದೆ. ಸಿಗರೇಟು, ಚುಚ್ಚುವುದು ಎರಡನ್ನೂ ಒಂದೇ ಕಾಯ್ದೆಯಲ್ಲಿ ಇಟ್ಟಿದ್ದಾರೆ. ಅದರಡಿ 2018ರ ಫೆಬ್ರವರಿ 1ರಿಂದ ಹದಿನೆಂಟು ತುಂಬದವರ ಗುಪ್ತಾಂಗ ಚುಚ್ಚುವುದು ಅಪರಾಧ. ಆ ಪಟ್ಟಿಯಲ್ಲಿ ನಾಲಿಗೆಯನ್ನೂ ಸೇರಿಸಿದ್ದಾರೆ, ಅದು ಜಾಣತನ. 2021ರ ಮಾರ್ಚ್ 1ರಿಂದ ಆಸ್ಪತ್ರೆಯ ಆವರಣ, ಶಾಲೆಯ ಮೈದಾನ, ಮಕ್ಕಳ ಆಟದ ಜಾಗಗಳಲ್ಲೂ ಸೇದುವಂತಿಲ್ಲ. ಬಯಲಾದರೂ ಇಲ್ಲ. ನಮ್ಮ ಕೇಂದ್ರದ ಕಾಯ್ದೆಯಲ್ಲಿ ಸಾರ್ವಜನಿಕ ಸ್ಥಳ ಅಂದರೆ ಬಯಲು ಸೇರುವುದಿಲ್ಲ ಅಂತಲೇ ಬರೆದಿದೆ.

ಇದು ಸಲೀಸಾಗಿ ಆಗಿದ್ದಲ್ಲ. 2015ರಲ್ಲಿ ನ್ಯೂಪೋರ್ಟ್ ಊರಿನ ಒಂದು ಹಚ್ಚೆ ಅಂಗಡಿಯಲ್ಲಿ ಚುಚ್ಚಿಸಿಕೊಂಡವರು ಆಸ್ಪತ್ರೆ ಸೇರಿದರು. ಅಲ್ಲಿಗೆ ಹೋಗಿದ್ದ ನೂರಾರು ಜನರನ್ನು ಕರೆದು ಎಚ್‌ಐವಿ, ಹೆಪಟೈಟಿಸ್ ಪರೀಕ್ಷೆ ಮಾಡಬೇಕಾಯಿತು. ಅಷ್ಟಾದರೂ 2016ರ ಮಾರ್ಚ್‌ನಲ್ಲಿ ಮಸೂದೆ 26–26 ಮತಗಳಲ್ಲಿ ಬಿದ್ದುಹೋಯಿತು. ಯಾರೋ ಮಂತ್ರಿ ಇನ್ನೊಂದು ಪಕ್ಷವನ್ನು ಹಂಗಿಸಿದ ಸಿಟ್ಟಿಗೆ! ಇ-ಸಿಗರೇಟಿನ ಭಾಗ ಕೈಬಿಟ್ಟು ಮತ್ತೆ ತಂದು ಪಾಸು ಮಾಡಿದರು. ಕಾಯ್ದೆಯಾದ ಮೇಲೂ ಲೈಸೆನ್ಸ್ ಜಾರಿಗೆ ಬರಲು ಏಳು ವರ್ಷ. ರಾಜಕೀಯ ಎಲ್ಲ ಕಡೆ ಒಂದೇ, ಅಲ್ವಾ?

ನೀವು ಸೇದುತ್ತೀರೋ ಇಲ್ಲವೋ ಬರೆದಿಲ್ಲ. ಸೇದುವವರಾದರೆ, ಕಾರಿನಲ್ಲಿ ಮಕ್ಕಳಿದ್ದಾಗ ಹಚ್ಚಬೇಡಿ. ಅಲ್ಲಿ ಅದೂ 2015ರ ಅಕ್ಟೋಬರ್‌ನಿಂದ ಅಪರಾಧ.

ಪ್ರಶ್ನೆ: ಮೂಗು ಚುಚ್ಚಿಸಿಕೊಂಡು ಎರಡು ತಿಂಗಳಾಯಿತು. ಕಾಲೇಜಿನ ಶಿಬಿರದಲ್ಲಿ ನನ್ನ ರಕ್ತ ಬೇಡ ಅಂದರು. ಅವಮಾನ ಆಯಿತು.
— ಬಿ.ಎಸ್ಸಿ. ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಅವಮಾನ ಏನಿಲ್ಲಮ್ಮಾ. ಚುಚ್ಚಿಸಿಕೊಂಡರೂ ಹಚ್ಚೆ ಹಾಕಿಸಿಕೊಂಡರೂ ಹನ್ನೆರಡು ತಿಂಗಳು ರಕ್ತ ಕೊಡುವಂತಿಲ್ಲ. ಸೋಂಕು ತಗುಲಿದ್ದರೂ ಶುರುವಿನಲ್ಲಿ ಪರೀಕ್ಷೆಯಲ್ಲಿ ಕಾಣದೆ ಇರಬಹುದು, ಅದಕ್ಕೆ. ಮುಂದಿನ ವರ್ಷ ಹೋಗಿ ಕೊಡು.

ಪ್ರಶ್ನೆ: ಡಾಕ್ಟ್ರೇ, ಮೊಮ್ಮಗಳಿಗೆ ಮೂರು ತಿಂಗಳು. ಕುಲದೇವರ ಗುಡಿಯಲ್ಲಿ ಸೋದರಮಾವನ ತೊಡೆ ಮೇಲೆ ಕೂರಿಸಿ ಕಿವಿ ಚುಚ್ಚಿಸಬೇಕು ಅಂತ ಇದ್ದೇವೆ. ಪತ್ತಾರರು ಬಂಗಾರದ ತಂತಿ ಹಾಕ್ತಾರೆ. ಸೊಸೆ ಬೇಡ ಅಂತಾಳೆ. ಯಾರ ಮಾತು ಸರಿ?
— ಒಬ್ಬ ಅಜ್ಜಿ, ಗದಗ

ಉತ್ತರ: ಇಬ್ಬರದೂ ಅರ್ಧರ್ಧ ಸರಿ. ಮಗುವಿಗೆ ಆರು, ಹತ್ತು, ಹದಿನಾಲ್ಕನೇ ವಾರದ ಪೆಂಟಾವಲೆಂಟ್ ಲಸಿಕೆ ಹಾಕುತ್ತಾರೆ. ಅದರಲ್ಲಿ ಧನುರ್ವಾಯು, ಹೆಪಟೈಟಿಸ್ ಬಿ ಎರಡಕ್ಕೂ ರಕ್ಷಣೆ ಇದೆ. ಮೂರನೆಯ ಡೋಸ್ ಮುಗಿದು ಕೆಲವು ವಾರ ಕಳೆಯಲಿ, ಆಮೇಲೆ ಮುಹೂರ್ತ ನೋಡಿ. ಐದೋ ಏಳೋ ತಿಂಗಳಿಗೆ ಮಾಡಿದರೆ ದೇವರೇನೂ ಬೇಡ ಅನ್ನುವುದಿಲ್ಲ.

ಪತ್ತಾರರ ಮೇಲೆ ನನಗೆ ಗನ್ನಿನ ಹುಡುಗರಿಗಿಂತ ಜಾಸ್ತಿ ನಂಬಿಕೆ. ಕಣ್ಣಿಟ್ಟು, ನಿಧಾನಕ್ಕೆ, ಹಾಲೆಯ ನಡುವಿಗೆ ಸರಿಯಾಗಿ ಹಾಕುತ್ತಾರೆ. ಆದರೆ ಅದೇ ಇಕ್ಕಳ, ಅದೇ ತಂತಿ ಕತ್ತರಿಸುವ ಕತ್ತರಿ ದಿನವಿಡೀ ಬೇರೆ ಕೆಲಸಕ್ಕೂ ಓಡಾಡುತ್ತಿರುತ್ತದೆ. ಮನೆಯಲ್ಲೇ ಕುಕ್ಕರಿನಲ್ಲಿ ನೀರು ಹಾಕಿ, ಪೂರ್ತಿ ಸೀಟಿ ಬರುವ ಒತ್ತಡದಲ್ಲಿ ತಂತಿ ಮತ್ತು ಇಕ್ಕಳವನ್ನು ಇಪ್ಪತ್ತು ನಿಮಿಷ ಬೇಯಿಸಿ, ಮುಚ್ಚಿದ ಡಬ್ಬದಲ್ಲೇ ಗುಡಿಗೆ ಒಯ್ಯಿರಿ. ಚುಚ್ಚುವ ಮುಂಚೆ ಅವರು ಸೋಪಿನಲ್ಲಿ ಕೈ ತೊಳೆಯಲಿ, ಕೇಳಲು ಸಂಕೋಚ ಬೇಡ. ಪೊರಕೆ ಕಡ್ಡಿ, ಬೇವಿನ ಕಡ್ಡಿ ಸಿಕ್ಕಿಸುವುದು ಬೇಡ. ದಿನಕ್ಕೆ ಎರಡು ಸಲ ಕಾಯಿಸಿ ಆರಿಸಿದ ಉಪ್ಪುನೀರಲ್ಲಿ ತೊಳೆದರೆ ಸಾಕು.

ಸೋದರಮಾವ ಬೀಡಿ-ಸಿಗರೇಟು ಸೇದುವವರಾದರೆ, ಆವತ್ತು ಬೆಳಗ್ಗೆಯಿಂದ ಮುಟ್ಟದೆ, ತೊಳೆದ ಶರ್ಟು ಹಾಕಿಕೊಂಡು ಬಂದು ಕೂರಲಿ. ಅದನ್ನು ಅವರಿಗೆ ಹೇಳುವ ಕೆಲಸ ಸೊಸೆಗೇ ಬಿಡಿ, ಅವಳ ಅಣ್ಣನೋ ತಮ್ಮನೋ ತಾನೇ.