ಡೌನ್‌ಲೋಡ್‌ನಿಂದ ಯಕ್ಷಗಾನದ ಭಾಗವತರಿಗೆ ನಷ್ಟವಾಯಿತೇ?

ಪೆಟ್ಟು ಮೊದಲು ಬಿದ್ದದ್ದು ಭಾಗವತರಿಗಲ್ಲ, ಕ್ಯಾಸೆಟ್ ಮಾರುವವರಿಗೆ. ಶಿರಸಿಯಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ಮಾರಿಕಾಂಬಾ ಜಾತ್ರೆಯಲ್ಲಿ ಯಕ್ಷಗಾನದ ಕ್ಯಾಸೆಟ್ಟು, ಸೀಡಿ ಕೊಂಡವರಿಗೆ, ಮುಂದೆ ಮೊಬೈಲ್ ಅಂಗಡಿಯವರು ಹತ್ತಿಪ್ಪತ್ತು ರೂಪಾಯಿಗೆ ಮೆಮೊರಿ ಕಾರ್ಡಿನ ತುಂಬ ಪದ್ಯಗಳನ್ನು ಹಾಕಿಕೊಡತೊಡಗಿದ್ದೂ ನೆನಪಿರಬಹುದು. ಆ ಹಣದಲ್ಲಿ ಹಾಡಿದವರಿಗಾಗಲಿ, ಧ್ವನಿಮುದ್ರಿಸಿದವರಿಗಾಗಲಿ ಬಿಡಿಗಾಸೂ ಸೇರುತ್ತಿರಲಿಲ್ಲ. ಹೊರದೇಶಗಳಲ್ಲಿಯೂ 1999ರಲ್ಲಿ ಅಂತರ್ಜಾಲದಲ್ಲಿ ಹಾಡುಗಳನ್ನು ಪುಕ್ಕಟೆಯಾಗಿ ಹಂಚಿಕೊಳ್ಳುವ ನ್ಯಾಪ್‌ಸ್ಟರ್ ಬಂದ ಮೇಲೆ ಸೀಡಿ ಮಾರಾಟ ಇಳಿಯುತ್ತ ಹೋಯಿತು, 2003ರಲ್ಲಿ ಆಪಲ್ ಹಾಡೊಂದಕ್ಕೆ 99 ಸೆಂಟಿನಂತೆ ಬಿಡಿಯಾಗಿ ಮಾರತೊಡಗಿದಾಗ ಇಡೀ ಆಲ್ಬಮ್ ಕೊಳ್ಳುವ ರೂಢಿಯೇ ಸಡಿಲಾಯಿತು. ಆದರೆ ಭಾಗವತರ ಸಂಪಾದನೆ ಮೊದಲಿನಿಂದಲೂ ಮೇಳದ ಸಂಬಳವನ್ನೂ ಆಟದ ಸಂಭಾವನೆಯನ್ನೂ ನೆಚ್ಚಿಕೊಂಡದ್ದು (ಕ್ಯಾಸೆಟ್ಟಿಗೆ ಸಾಮಾನ್ಯವಾಗಿ ಒಂದೇ ಸಲ ಹಣ ಕೊಟ್ಟು ಮುಗಿಸುತ್ತಿದ್ದರು). ಪುಕ್ಕಟೆ ಪದ್ಯ ಕೇಳಿ ಮರುಳಾದವರು ಟಿಕೆಟ್ ಕೊಂಡು ಆಟಕ್ಕೆ ಬಂದದ್ದೂ ಉಂಟು.