ಪಕ್ಕದಲ್ಲಿ ಸೊಸೆ ಇದ್ದಾಳಾ?

ಇಂಗ್ಲೆಂಡಿನ ಲೆಸ್ಟರ್‌ಗೆ ಎಂಪಿಎಚ್ (ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ) ಓದೋಕೆ ಬರ್ತಿದ್ದೀನಿ, ಕೋವಿಡ್ ಟೈಮಲ್ಲಿ ಜನರ ಮಧ್ಯೆ ಮಾಡೋ ಆರೋಗ್ಯ ಸಂಶೋಧನೆ ಹೇಗೆ ನಡೀತು, ಈಗ ಎಲ್ಲಾ ಫೋನಲ್ಲೇ ಮುಗಿಸಬಹುದಾ ಅಂತ ಕೇಳಿದ್ದೀಯಲ್ಲಮ್ಮ. ನಾನು ಈ ಊರಿಗೆ ಬಂದು ಹದಿನೇಳು ವರ್ಷ ಆಯ್ತು. ಕೋವಿಡ್ ಬಂದಾಗ ನಮ್ಮ ಕಡೆಯ ವಯಸ್ಸಾದವರ ಸಕ್ಕರೆ ಕಾಯಿಲೆ ಬಗ್ಗೆ ಒಂದು ಅಧ್ಯಯನದಲ್ಲಿದ್ದೆ.

ದೇವಸ್ಥಾನ, ಮಸೀದಿ, ಗುರುದ್ವಾರದ ಹಾಲಲ್ಲಿ ಮೇಜು ಹಾಕಿಕೊಂಡು ತೂಕ, ಸೊಂಟದಳತೆ, ಬಿಪಿ ನೋಡ್ತಿದ್ವಿ. 2020ರ ಮಾರ್ಚ್ 23ಕ್ಕೆ ಲಾಕ್‌ಡೌನ್ ಬಂತು, ಮೇಜು ಮಡಚಿದ್ವಿ. ಜೂನ್ ಮಧ್ಯಕ್ಕೆ ಬೆಲ್‌ಗ್ರೇವ್ ರೋಡಿನ ಸೀರೆ ಅಂಗಡಿಗಳು ಬಾಗಿಲು ತೆಗೆದಿದ್ದವು ಅಷ್ಟೆ, ಜೂನ್ 30ಕ್ಕೆ ನಮ್ಮೂರಿಗೆ ಮಾತ್ರ ಮತ್ತೆ ಬೀಗ. ದೇಶದಲ್ಲೇ ಮೊದಲ ಸ್ಥಳೀಯ ಲಾಕ್‌ಡೌನ್ ನಮ್ಮದು.

ಕೆಲಸ ಫೋನಿಗೆ ಬಂತು. ಅದಕ್ಕೂ ಎಥಿಕ್ಸ್ ಕಮಿಟಿ (ಸಂಶೋಧನೆಯಿಂದ ಜನರಿಗೆ ಅನ್ಯಾಯ ಆಗದಂತೆ ನೋಡೋ ಸಮಿತಿ) ಒಪ್ಪಬೇಕು, ಸಹಿ ಬದಲು ಒಪ್ಪಿಗೆ ಮಾತನ್ನ ಓದಿ ಹೇಳಿ ರೆಕಾರ್ಡ್ ಮಾಡಬೇಕು. ರಕ್ತ ಪರೀಕ್ಷೆ ಕಿಟ್ ಅಂಚೇಲಿ ಕಳಿಸಿದ್ವಿ. ಬಿಸಿನೀರಲ್ಲಿ ಕೈ ತೊಳೆದು, ತೋಳು ಇಳಿಬಿಟ್ಟು, ಬೆರಳಿನ ಪಕ್ಕಕ್ಕೆ ಚುಚ್ಚಿ, ಹನಿಹನಿಯಾಗಿ ಪುಟ್ಟ ಟ್ಯೂಬ್ ತುಂಬಿಸಬೇಕು. ಒಬ್ಬ ಗುಜರಾತಿ ಬಾ (ಗುಜರಾತಿಯಲ್ಲಿ ಅಜ್ಜಿಗೆ ಹಾಗಂತಾರೆ) ಅರ್ಧ ಟ್ಯೂಬ್‌ಗೇ ಸುಸ್ತಾಗಿ, "ಇಷ್ಟು ಸಾಲಲ್ವಾ? ಇನ್ನೂ ಒಂಬತ್ತು ಬೆರಳಿದೆ ಬಿಡು" ಅಂದರು.

ಅವರಿಂದಲೇ ನಾನು ಕಲಿತದ್ದು. ಸ್ಪೀಕರ್ ಹಾಕಿದ್ದರು. ಸಿಹಿ ತಿಂತೀರಾ ಅಂದರೆ ಉತ್ತರ ಕೊಟ್ಟದ್ದು ಸೊಸೆ: "ನಮ್ಮನೇಲಿ ಮಿಠಾಯಿನೇ ತರಲ್ಲ". ಎರಡು ದಿನ ಬಿಟ್ಟು ಬಾ ತಾವಾಗೇ ಫೋನ್ ಮಾಡಿದರು, ಪಿಸುದನಿಯಲ್ಲಿ. ಮಾತ್ರೆ ಬಿಟ್ಟು ತಿಂಗಳಾಗಿತ್ತು, ಬೆಲ್ಲದ ಡಬ್ಬಿ ಮಂಚದಡಿ ಇತ್ತು. ಆಮೇಲೆ ನಾವು ಮೊದಲು ಕೇಳ್ತಿದ್ದದ್ದು, ಪಕ್ಕದಲ್ಲಿ ಯಾರಾದರೂ ಇದ್ದಾರಾ ಅಂತ. ಇದ್ದರೆ ಹೌದು-ಇಲ್ಲ ಅಂದರೆ ಸಾಕಾಗೋ ಪ್ರಶ್ನೆಗಳಷ್ಟೇ. ಝೂಮ್ ಬಗ್ಗೆ ಎಲ್ಲರೂ ಹೊಗಳ್ತಾರೆ. ಮೊಮ್ಮಗ ಪಕ್ಕದಲ್ಲಿ ಕೂತು ಅದನ್ನ ಹಾಕಿಕೊಟ್ಟ ಮೇಲೆ ಗುಟ್ಟು ಎಲ್ಲಿಂದ ಬರಬೇಕು?

ಫೋನಲ್ಲೇ ಮುಗಿಸಬಹುದಾ ಅಂದೆಯಲ್ಲ, ಆಗಲ್ಲಮ್ಮ. ಫೋನ್ ಎತ್ತಿದವರೆಲ್ಲ ಮೊದಲು ಆ ಹಾಲಲ್ಲಿ ನಮ್ಮ ಮುಖ ನೋಡಿದವರು. ಹೊಸ ನಂಬರಿಗೆ ಮಾಡಿದರೆ ಮೋಸದ ಕರೆ ಅಂತ ಇಟ್ಟುಬಿಡ್ತಿದ್ರು. ಮನೆಯಿಂದ ಹೊರಗೇ ಬರದ ಹೆಂಗಸರು, ಪಾಳಿ ಮೇಲೆ ಪಾಳಿ ದುಡಿಯೋ ಬಟ್ಟೆ ಫ್ಯಾಕ್ಟರಿಯವರು ನಮ್ಮ ಪಟ್ಟಿಯಲ್ಲೇ ಇರಲಿಲ್ಲ. ಅವರ ಲೆಕ್ಕ ಬಿಟ್ಟು ಬರೆದ ವರದಿ ನನಗೆ ಇವತ್ತಿಗೂ ಕಸಿವಿಸಿ.

ಬಂದ ಮೊದಲ ಭಾನುವಾರ ಪ್ರಶ್ನಾವಳಿ ತಗೊಂಡು ಹೋಗಬೇಡ. ಗುರುದ್ವಾರದ ಅಡುಗೆಮನೇಲಿ ತಟ್ಟೆ ತೊಳಿ. ಸ್ವೆಟರ್ ಹಾಕ್ಕೊಂಡು ಹೋಗು, ತೋಳು ಮೇಲಕ್ಕೆ ಮಡಚೋಕೆ ಬರೋ ಥರದ್ದು.