ಬಾಂಬ್ ಬೀಳುವಾಗ ಜನ ನಿಜಕ್ಕೂ ಪುಸ್ತಕ ಓದುತ್ತಿದ್ದರೇ?

ಚಾವಣಿ ಕುಸಿದ ಗ್ರಂಥಾಲಯದಲ್ಲಿ ಹ್ಯಾಟು ತೊಟ್ಟ ಮೂವರು ಗಂಡಸರು ನೆಮ್ಮದಿಯಾಗಿ ಪುಸ್ತಕ ಹುಡುಕುತ್ತಿರುವ ಲಂಡನ್ನಿನ ಹಳೆಯ ಚಿತ್ರವನ್ನು ನೋಡಿ ನೀವು ಕೇಳಿದ್ದೀರಿ: ತಲೆಯ ಮೇಲೆ ಬಾಂಬ್ ಸುರಿಯುವಾಗ ಯಾರಿಗಾದರೂ ಓದುವ ಮನಸ್ಸಾಗುತ್ತದೆಯೇ, ಇದೆಲ್ಲ ಆಮೇಲೆ ಕಟ್ಟಿದ ಕಥೆಯೇ?

ಓದುತ್ತಿದ್ದರು. ಆದರೆ ಅದಕ್ಕೆ ಆ ಚಿತ್ರವನ್ನು ಸಾಕ್ಷಿಯಾಗಿ ಹಿಡಿಯಬೇಡಿ. ಅದು ಹಾಲೆಂಡ್ ಹೌಸ್ ಎಂಬ ಸಿರಿವಂತರ ಬಂಗಲೆ; ಎರಡನೇ ಮಹಾಯುದ್ಧದಲ್ಲಿ, 1940ರ ಸೆಪ್ಟೆಂಬರ್ ಕೊನೆಯಲ್ಲಿ, ಜರ್ಮನ್ ವಿಮಾನಗಳ ಬೆಂಕಿ ಬಾಂಬುಗಳಿಗೆ ಸಿಕ್ಕಿ ಸುಟ್ಟುಹೋಯಿತು. ಜನರಿಗೆ ಧೈರ್ಯ ತುಂಬಲು ಆ ಮೂವರನ್ನು ನಿಲ್ಲಿಸಿ ತೆಗೆದ ಚಿತ್ರವಿರಬೇಕು ಎಂಬ ಅನುಮಾನ ಅನೇಕರಿಗಿದೆ, ನನಗೂ ಇದೆ.

ನನ್ನ ಸಾಕ್ಷಿ ಪೂರ್ವ ಲಂಡನ್ನಿನ ಬೆತ್ನಲ್ ಗ್ರೀನ್, ದುಡಿಯುವ ಜನರ ಪ್ರದೇಶ. ಮಗಳ ಮನೆ ಅಲ್ಲಿಗೆ ಹತ್ತಿರ. ಮೂವತ್ತು ವರ್ಷ ತಾಲ್ಲೂಕು ಗ್ರಂಥಾಲಯದಲ್ಲಿ ದುಡಿದವನಾದ್ದರಿಂದ, ಅಲ್ಲಿಗೆ ಹೋದಾಗ ನಾನು ಮೊದಲು ಹುಡುಕಿದ್ದು ಊರಿನ ಗ್ರಂಥಾಲಯವನ್ನೇ.

1940ರ ಸೆಪ್ಟೆಂಬರ್ 7, ಶನಿವಾರ. ಲಂಡನ್ನಿನ ಮೇಲೆ ದೊಡ್ಡ ದಾಳಿಗಳು ಆರಂಭವಾದ ಆ ದಿನವೇ ಈ ಗ್ರಂಥಾಲಯದ ಚಾವಣಿ ಸೀಳಿಕೊಂಡು ಬಾಂಬ್ ಬಿತ್ತು. ಆಮೇಲೆ ಸುಮಾರು ಎಂಟು ವಾರ ಹೆಚ್ಚುಕಡಿಮೆ ಪ್ರತಿ ರಾತ್ರಿಯೂ ದಾಳಿ. ಜನ ಹಾಸಿಗೆ ಸುತ್ತಿಕೊಂಡು ನೆಲದಡಿಯ ರೈಲು ನಿಲ್ದಾಣಕ್ಕೆ ಇಳಿದರು. ಅದಿನ್ನೂ ಪೂರ್ತಿಯಾಗದ ನಿಲ್ದಾಣ, ರೈಲು ಓಡುತ್ತಿರಲಿಲ್ಲ. ಅಲ್ಲಿ ಸುಮಾರು 5,000 ಮಂಚಗಳನ್ನು ಒಂದರ ಮೇಲೊಂದರಂತೆ ಜೋಡಿಸಿದರು. ಗ್ರಂಥಪಾಲಕರಾದ ಜಾರ್ಜ್ ವೇಲ್ ಮತ್ತು ಅವರ ಸಹಾಯಕ ಸ್ಟ್ಯಾನ್ಲಿ ಸ್ನೇತ್ ಸುಮ್ಮನೆ ಕೂರಲಿಲ್ಲ. ಹಳಿಯ ಜಾಗಕ್ಕೆ ಹಲಗೆ ಹೊದಿಸಿ, ಅದರ ಮೇಲೆ ಒಂದು ಕೋಣೆಯಷ್ಟು ಜಾಗದಲ್ಲಿ ಸುಮಾರು 4,000 ಪುಸ್ತಕಗಳ ಗ್ರಂಥಾಲಯ ಎದ್ದಿತು. ಸಂಜೆ ಅಲ್ಲಿ ಪುಸ್ತಕ ಪಡೆದು, ತಮ್ಮ ಮಂಚಕ್ಕೆ ಹೋಗಿ ಮಲಗಿ ಓದುವುದು. ಮೇಲೆ, ವಿಮಾನಗಳಿಗೆ ಬೆಳಕು ಕಾಣದಿರಲೆಂದು, ಊರಿಡೀ ಕತ್ತಲೆ, ಕಿಟಕಿಗಳಿಗೆಲ್ಲ ಕಪ್ಪು ಪರದೆ. ಕೆಳಗೆ ಸುರಂಗದಲ್ಲಿ ವಿದ್ಯುತ್ ದೀಪ.

ಪುಸ್ತಕದಲ್ಲಿ ಮೈಮರೆತು ಭಯ ಮರೆಯುತ್ತಿದ್ದರು ಎಂದು ಎಲ್ಲರೂ ಹೇಳುತ್ತಾರೆ. ಇರಬಹುದು. ಮಂಚದ ಪಕ್ಕದಲ್ಲೇ ಕೆಮ್ಮುವವರು, ಅಳುವ ಕೂಸು, ಬೆವರಿನ ವಾಸನೆ ಇರುವಾಗ ಎಷ್ಟು ಹೊತ್ತು ಮೈಮರೆಯಲಾದೀತು? ನನ್ನನ್ನು ಕಾಡುವುದು ಬೇರೆಯೇ ಸಂಗತಿ. ಎರವಲು ಎಂದರೆ ಹಿಂದಿರುಗಿಸುವುದು ಎಂಬ ಮಾತು ಅದರಲ್ಲೇ ಅಡಗಿದೆ. ಪುಸ್ತಕದ ಕೊನೆಯ ಹಾಳೆಗೆ ಅಂಟಿಸಿದ ಚೀಟಿಯ ಮೇಲೆ ನಾನು ಸಾವಿರಾರು ಸಲ ದಿನಾಂಕದ ಮುದ್ರೆ ಒತ್ತಿದ್ದೇನೆ, ಯೋಚಿಸದೆಯೇ. ಇವತ್ತಿನ ರಾತ್ರಿಯೇ ಕಳೆಯುತ್ತದೋ ಇಲ್ಲವೋ ಎನ್ನುವವರಿಗೆ ‘ಓದಿ ಮುಗಿಸಿ ತನ್ನಿ’ ಎಂದು ಪುಸ್ತಕ ಕೊಟ್ಟು ಕಳುಹಿಸುವುದಿದೆಯಲ್ಲ, ಅದಕ್ಕಿಂತ ದೊಡ್ಡ ಸಮಾಧಾನವನ್ನು ಯಾವ ಕಾದಂಬರಿ ಕೊಟ್ಟೀತು?

ಹಾಗೆಂದು ಪುಸ್ತಕ ಯಾರನ್ನೂ ಬಾಂಬಿನಿಂದ ಕಾಪಾಡಲಿಲ್ಲ. ಪುಸ್ತಕಗಳೂ ಉಳಿಯಲಿಲ್ಲ: ಅದೇ ವರ್ಷದ ಡಿಸೆಂಬರ್ 29ರ ರಾತ್ರಿ ಪ್ರಕಾಶಕರ ಬೀದಿಯಾಗಿದ್ದ ಪ್ಯಾಟರ್‌ನಾಸ್ಟರ್ ರೋದಲ್ಲಿ ಲಕ್ಷಗಟ್ಟಲೆ ಪ್ರತಿಗಳು ಬೂದಿಯಾದವು. ಬೆತ್ನಲ್ ಗ್ರೀನ್ ನಿಲ್ದಾಣದಲ್ಲಂತೂ 1943ರ ಮಾರ್ಚ್ 3ರಂದು, ಒಂದು ಬಾಂಬೂ ಬೀಳದೆ, ಸೈರನ್ ಕೇಳಿ ಇಳಿಯುತ್ತಿದ್ದವರು ಮೆಟ್ಟಿಲಲ್ಲಿ ಒಬ್ಬರ ಮೇಲೊಬ್ಬರು ಬಿದ್ದು 173 ಮಂದಿ ಉಸಿರುಗಟ್ಟಿ ಸತ್ತರು. ಅವರಲ್ಲಿ 62 ಮಕ್ಕಳು. ಆ ಕಪಾಟುಗಳಿಂದ ಪುಸ್ತಕ ಒಯ್ದವರೂ ಅವರಲ್ಲಿ ಇದ್ದಿರಲೇಬೇಕು.

ನಿಲ್ದಾಣದ ಬಾಗಿಲಿಗೆ ಹೊಂದಿಕೊಂಡ ಉದ್ಯಾನದ ಮೂಲೆಯಲ್ಲಿ ಈಗ ಅವರ ಸ್ಮಾರಕವಿದೆ, ತಲೆಕೆಳಗಾಗಿ ತೂಗುವ ತೇಗದ ಮೆಟ್ಟಿಲು. ಹೆಸರುಗಳನ್ನು ಮರದಲ್ಲೇ ಕೊರೆದಿದ್ದಾರೆ. ಒಂದೇ ಮನೆತನದ ಹೆಸರು ಮತ್ತೆ ಮತ್ತೆ ಬರುತ್ತದೆ. ಅಷ್ಟನ್ನೂ ಓದಿ ಮುಗಿಸಿದ ಮೇಲೆಯೇ ನಾನು ಪಕ್ಕದ ಗ್ರಂಥಾಲಯದೊಳಗೆ ಹೋದೆ.